ಮಾರುವ ಮುನ್ನ ಮನೆಗೊಂದು ಸಿದ್ಧತೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ “ಮನೆ ಮಾರಿ ನೋಡು” ಎಂಬ ಮಾತನ್ನು ನಮ್ಮ ಹಿರಿಯರು ಅದಕ್ಕೆ ಸೇರಿಸಲಿಲ್ಲ. ಊರಿನಲ್ಲಿ ಮನೆಯೆಂಬುದು ಪೀಳಿಗೆಯಿಂದ ಪೀಳಿಗೆಗೆ ಸಾಗಿಬರುವ ಆಸ್ತಿ. ಅದನ್ನು ಮಾರುವ ಪ್ರಸಂಗ ಬಂದರೆ ಅದು ಸಂಕಟದ ಕಾಲವೆಂದೇ ಅರ್ಥ. ಮಹಾನಗರದ ಬಾಳು ಹಾಗಲ್ಲ. ಇಲ್ಲಿ ಒಂದು ಕೋಣೆಯಿಂದ ಎರಡು ಕೋಣೆಗೆ, ಹಳೆಯ ಕಟ್ಟಡದಿಂದ ಲಿಫ್ಟ್ ಇರುವ ಕಟ್ಟಡಕ್ಕೆ, ನಿವೃತ್ತಿಯ ಬಳಿಕ ಊರಿಗೆ ಅಥವಾ ಬೆಂಗಳೂರಿನಲ್ಲಿರುವ ಮಕ್ಕಳ ಬಳಿಗೆ, ಹೀಗೆ ಮನೆ ಬದಲಿಸುವುದು ಸಹಜವಾಗಿದೆ. ಆದುದರಿಂದ ಮನೆಯನ್ನು ಮಾರುವ ವಿಧಾನವನ್ನೂ ಅರಿತಿರುವುದು ಇಂದಿನ ಗೃಹಸ್ಥನಿಗೆ ಅವಶ್ಯಕವಾಗಿದೆ.

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳ ಕನ್ನಡ ಕುಟುಂಬಗಳ ಮಟ್ಟಿಗೆ ಈ ವಿಷಯ ಹೆಚ್ಚಿನ ಮಹತ್ವದ್ದು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಓಡಿತು; ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಗುಂಟ ಬೆಳೆದ ಉಪನಗರಗಳಲ್ಲಿ, ಮುಂಬಯಿಯೊಳಗೆ ಮನೆ ಕೊಳ್ಳಲಾಗದ ಮಧ್ಯಮ ವರ್ಗದ ಜನ ನೆಲೆ ಕಂಡುಕೊಂಡರು. ೧೯೭೦ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಯಾದ ಬಳಿಕ ಖಾಡಿಯ ಆಚೆ ನವಿ ಮುಂಬಯಿ ರೂಪುಗೊಂಡಿತು. ಹೋಟೆಲು ಉದ್ಯಮದವರು, ಗಿರಣಿ ಮತ್ತು ಕಾರ್ಖಾನೆಗಳ ನೌಕರರು, ದಕ್ಷಿಣ ಕನ್ನಡದ ಮಣ್ಣಿನಲ್ಲಿ ಹುಟ್ಟಿದ ಬ್ಯಾಂಕುಗಳ ಸಿಬ್ಬಂದಿ ಭವಿಷ್ಯನಿಧಿಯಿಂದ ಸಾಲವೆತ್ತಿ, ಹೆಂಡತಿಯ ಬಳೆಗಳನ್ನು ಅಡವಿಟ್ಟು ಇಲ್ಲಿ ಮನೆ ಕೊಂಡರು. ಅನೇಕರ ಪಾಲಿಗೆ ಇಡೀ ಜೀವಮಾನದ ಉಳಿತಾಯವೆಂದರೆ ಆ ನಾನೂರು ಐನೂರು ಚದರಡಿಯ ಮನೆಯೊಂದೇ. ಅದನ್ನು ಅವಸರದಲ್ಲಿ, ಸಿದ್ಧತೆಯಿಲ್ಲದೆ, ಬಂದ ಬೆಲೆಗೆ ಕೊಡುವುದು ಮೂವತ್ತು ವರ್ಷಗಳ ದುಡಿಮೆಯ ಒಂದು ಪಾಲನ್ನು ಕೈಬಿಟ್ಟಂತೆಯೇ ಸರಿ.

ಸಜ್ಜುಗೊಳಿಸುವುದೆಂದರೇನು?

ಮಾರಾಟಕ್ಕಿರುವ ಮನೆಯನ್ನು ಕೊಳ್ಳಲು ಬರುವವರ ಕಣ್ಣಿಗೆ ಒಪ್ಪುವಂತೆ ಅಣಿಗೊಳಿಸುವ ಪದ್ಧತಿಗೆ ಪಾಶ್ಚಾತ್ಯ ದೇಶಗಳಲ್ಲಿ ‘ಹೋಮ್ ಸ್ಟೇಜಿಂಗ್’ ಎಂದು ಹೆಸರು. ಅಮೆರಿಕದಲ್ಲಿ ಮನೆ ಮಾರಾಟದ ವೃತ್ತಿಯಲ್ಲಿದ್ದ ಬಾರ್ಬ್ ಶ್ವಾರ್ಜ್ ಎಂಬ ಮಹಿಳೆ ೧೯೭೦ರ ದಶಕದಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರೆಂಬುದು ಪ್ರಸಿದ್ಧ. ಅಲ್ಲಿ ಬಾಡಿಗೆಯ ಪೀಠೋಪಕರಣ ತಂದು ಖಾಲಿ ಮನೆಯನ್ನು ಅಲಂಕರಿಸುವವರೇ ಇದ್ದಾರೆ. ನಮ್ಮ ಉಪನಗರಗಳ ಪುಟ್ಟ ಮನೆಗಳಿಗೆ ಆ ಆಡಂಬರ ಬೇಕಿಲ್ಲ. ಇಲ್ಲಿ ಸಜ್ಜುಗೊಳಿಸುವುದೆಂದರೆ ಹೊಸದನ್ನು ತಂದು ತುಂಬುವುದಲ್ಲ. ಬೇಡವಾದುದನ್ನು ಹೊರಗೆ ಹಾಕಿ, ಮನೆಯಲ್ಲಿ ನಿಜವಾಗಿ ಇರುವ ಬೆಳಕು, ಗಾಳಿ ಮತ್ತು ಜಾಗಗಳು ಕಾಣುವಂತೆ ಮಾಡುವುದು.

ದಿನನಿತ್ಯದ ವಾಸಕ್ಕೆ ಬೇಕಾದ ಮನೆಯೇ ಬೇರೆ, ತೋರಿಸಬೇಕಾದ ಮನೆಯೇ ಬೇರೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಅಟ್ಟದ ಮೇಲಿನ ಟ್ರಂಕು, ಕಿಟಕಿಯ ಜಾಲರಿಯೊಳಗೆ ಪೇರಿಸಿದ ಡಬ್ಬಗಳು, ಬಾಗಿಲ ಹಿಂದೆ ನೇತಾಡುವ ಬಟ್ಟೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಹೊಸಬರಿಗೆ ಮೊದಲು ಕಾಣುವುದು ಅವೇ. ಭಾನುವಾರ ಒಂದೇ ದಿನದಲ್ಲಿ ಐದಾರು ಮನೆಗಳನ್ನು ನೋಡಿ ಹೋಗುವ ಗಿರಾಕಿ ಒಂದೊಂದು ಮನೆಯಲ್ಲಿ ಕಳೆಯುವುದು ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಅವನ ಮನಸ್ಸಿನಲ್ಲಿ ಮೂಡುವ ಚಿತ್ರವೇ ಮುಂದಿನ ಮಾತುಕತೆಗೆ ತಳಹದಿ.

ಲೆಕ್ಕದ ಮಾತು

ಸಿದ್ಧತೆಗೆ ಖರ್ಚು ಮಾಡುವುದೆಂದರೆ ‘ಹೋಗುವ ಮನೆಗೆ ಏಕೆ ಹಣ ಸುರಿಯಬೇಕು’ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಕಂಡುಕೊಳ್ಳಬಹುದು. ಡೊಂಬಿವಲಿ ಪೂರ್ವದಲ್ಲಿ ಮೂರನೆಯ ಮಹಡಿಯ ಒಂದು ಮನೆಗೆ ೬೦ ಲಕ್ಷ ರೂಪಾಯಿ ಬೆಲೆ ನಿರೀಕ್ಷಿಸಿರುವ ನಿವೃತ್ತ ದಂಪತಿಗಳನ್ನು ಊಹಿಸಿಕೊಳ್ಳೋಣ. ಮೆಟ್ಟಿಲು ಹತ್ತಲು ಮಂಡಿನೋವು ಅಡ್ಡಿಯಾಗಿದೆ. ಉಡುಪಿಯ ಕಡೆ ನೆಲಮಟ್ಟದ ಮನೆಯೊಂದನ್ನು ನೋಡಿಟ್ಟಿದ್ದಾರೆ. ಇಲ್ಲಿಯದು ಮಾರಾಟವಾಗದೆ ಅಲ್ಲಿಯದನ್ನು ಕೊಳ್ಳುವಂತಿಲ್ಲ.

ಆ ೬೦ ಲಕ್ಷ ರೂಪಾಯಿ ಕೈಸೇರಿ ಶೇಕಡಾ ೭ರ ಬಡ್ಡಿಗೆ ಠೇವಣಿಯಾದರೆ ವರ್ಷಕ್ಕೆ ೪ ಲಕ್ಷ ೨೦ ಸಾವಿರ, ಅಂದರೆ ತಿಂಗಳಿಗೆ ೩೫ ಸಾವಿರ ರೂಪಾಯಿ ಬರುತ್ತದೆ. ಸೊಸೈಟಿಯ ನಿರ್ವಹಣಾ ವೆಚ್ಚ ತಿಂಗಳಿಗೆ ೨,೫೦೦ ಎಂದಿಟ್ಟುಕೊಂಡರೆ, ಮಾರಾಟ ಒಂದು ತಿಂಗಳು ತಡವಾದಾಗ ಆಗುವ ನಷ್ಟ ೩೭,೫೦೦ ರೂಪಾಯಿ. ನಾಲ್ಕು ತಿಂಗಳಿಗೆ ಒಂದೂವರೆ ಲಕ್ಷ. ಬಣ್ಣ, ನಲ್ಲಿ, ವಿದ್ಯುತ್ ತಂತಿಗಳ ದುರಸ್ತಿಗೆ ೬೦ ಸಾವಿರ ವ್ಯಯಿಸಿದರೆ ಅದು ಬೆಲೆಯ ಶೇಕಡಾ ೧ ಮಾತ್ರ. ಈ ಸಿದ್ಧತೆಯಿಂದ ಮಾರಾಟ ಎರಡು ತಿಂಗಳು ಬೇಗನೆ ಆದರೂ ಹಾಕಿದ ಹಣ ಹಿಂದಿರುಗಿತು. ಇನ್ನು ಗಿರಾಕಿಯು ‘ಕೆಲಸ ಬಹಳ ಇದೆ’ ಎಂದು ಎರಡು ಮೂರು ಲಕ್ಷ ಇಳಿಸಿ ಕೇಳುವುದು ತಪ್ಪಿದರೆ ಅದು ಲಾಭವೇ. ಒಡೆದ ಹೆಂಚೊಂದನ್ನು ಕಂಡ ಗಿರಾಕಿ ಅದರ ನಿಜವಾದ ವೆಚ್ಚವನ್ನು ಕಳೆಯುವುದಿಲ್ಲ. ತನ್ನ ಭಯದ ವೆಚ್ಚವನ್ನು ಕಳೆಯುತ್ತಾನೆ.

ಆದರೆ ಈ ಲೆಕ್ಕಕ್ಕೆ ಒಂದು ಮಿತಿಯೂ ಉಂಟು. ಮಾರುವ ಮುನ್ನ ಅಡುಗೆಮನೆಯನ್ನು ಮೂರು ನಾಲ್ಕು ಲಕ್ಷ ಸುರಿದು ಹೊಸದಾಗಿ ಕಟ್ಟಿಸುವುದು ಜಾಣತನವಲ್ಲ. ಕೊಳ್ಳುವವರ ಅಭಿರುಚಿ ಬೇರೆಯಿರುತ್ತದೆ. ಅವರು ಅದನ್ನು ಕಿತ್ತು ಹಾಕಲೂಬಹುದು. ದುರಸ್ತಿಗೆ ಹಣ ಹಾಕಬೇಕು, ಅಲಂಕಾರಕ್ಕಲ್ಲ.

ಕೋಣೆ ಕೋಣೆಯ ಕ್ರಮ

೧. ಹೊಸ್ತಿಲು. ಮೊದಲ ನೋಟ ಬಾಗಿಲಿನದು. ಮೆಟ್ಟಿಲ ಬಳಿಯ ಚಪ್ಪಲಿ ಗೂಡು, ಹಳೆಯ ಸೈಕಲ್ಲು, ಒಣಗಿದ ಹೂವಿನ ಕುಂಡಗಳನ್ನು ತೆಗೆಯಬೇಕು. ಅದು ಸೊಸೈಟಿಯ ಸಾಮಾನ್ಯ ಜಾಗ. ಅಲ್ಲಿ ಸಾಮಾನು ಇಡುವುದು ನಿಯಮಕ್ಕೂ ವಿರುದ್ಧ. ಕಿರುಗುಟ್ಟುವ ಕೀಲಿಗೆ ಎಣ್ಣೆ, ಮಂಕಾದ ನಾಮಫಲಕಕ್ಕೆ ಒರೆಸು, ಹೊಸ್ತಿಲಿಗೊಂದು ರಂಗೋಲಿ ಇವು ಸಾಕು.

೨. ಹಾಲ್. ಸಣ್ಣ ಹಾಲಿನಲ್ಲಿ ಸೋಫಾ, ದಿವಾನ, ಊಟದ ಮೇಜು, ಗೋದ್ರೇಜ್ ಕಪಾಟು ಎಲ್ಲವೂ ಇದ್ದರೆ ಹತ್ತಡಿ ಅಗಲದ ಕೋಣೆ ಆರಡಿಯದಾಗಿ ತೋರುತ್ತದೆ. ದೊಡ್ಡದೊಂದು ವಸ್ತುವನ್ನು ಮಾರಿದರೆ ಅಥವಾ ಬಂಧುಗಳಿಗೆ ಕೊಟ್ಟರೆ ನೆಲ ಕಾಣುತ್ತದೆ. ಕೊಳ್ಳುವವನು ಹಣ ಕೊಡುವುದು ನೆಲಕ್ಕೆ. ಅದು ಅವನ ಕಣ್ಣಿಗೆ ಬೀಳಬೇಕು.

೩. ಬೆಳಕು. ಕಿಟಕಿಯ ಗಾಜನ್ನು ಒರೆಸಿ, ದಪ್ಪ ಪರದೆಗಳನ್ನು ತೆಗೆದು, ಸುಟ್ಟುಹೋದ ಬಲ್ಬುಗಳನ್ನು ಬದಲಿಸಬೇಕು. ಮನೆಗೆ ಯಾವ ಹೊತ್ತಿನಲ್ಲಿ ಬಿಸಿಲು ಬರುವುದೋ ಆ ಹೊತ್ತಿಗೇ ಗಿರಾಕಿಗಳನ್ನು ಕರೆಯುವುದು ಒಳಿತು. ಸಂಜೆ ಏಳರ ನಂತರ, ಕಚೇರಿಯಿಂದ ಲೋಕಲ್ ರೈಲಿನಲ್ಲಿ ನಿಂತು ಬಂದ ದಣಿವಿನಲ್ಲಿ ನೋಡಿದ ಮನೆ ಯಾರಿಗೂ ಹಿಡಿಸದು.

೪. ಅಡುಗೆಮನೆ ಮತ್ತು ಬಚ್ಚಲು. ಇವೆರಡೂ ಮನೆಯ ಪರೀಕ್ಷಾಸ್ಥಾನಗಳು. ತೊಟ್ಟಿಕ್ಕುವ ನಲ್ಲಿ, ಕಪ್ಪಾದ ಹೆಂಚಿನ ಸಂದು, ಎಣ್ಣೆಯ ಜಿಡ್ಡು ಹಿಡಿದ ಫ್ಯಾನು ಇವುಗಳನ್ನು ಮೊದಲು ಸರಿಪಡಿಸಬೇಕು. ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸತ್ಯವಾದ ಉತ್ತರವನ್ನೇ ಕೊಡಬೇಕು. ನೆರೆಮನೆಯವರನ್ನು ಕೇಳಿದರೆ ನಿಜ ಹೊರಬೀಳಲು ಎರಡು ನಿಮಿಷ ಸಾಕು.

೫. ವಾಸನೆ. ತೇವ, ಕರಿದ ಎಣ್ಣೆ, ಒಣಮೀನು ಇವುಗಳ ವಾಸನೆ ಮನೆಯವರ ಮೂಗಿಗೆ ತಿಳಿಯದು. ಹೊರಗಿನ ಗೆಳೆಯರೊಬ್ಬರನ್ನು ಕರೆದು ಕೇಳುವುದು ಲೇಸು. ಊದುಬತ್ತಿ ಹಚ್ಚಿ ಮುಚ್ಚುವುದಕ್ಕಿಂತ ಕಿಟಕಿ ತೆರೆದಿಡುವುದು ಉತ್ತಮ.

೬. ದೇವರ ಮಂಟಪ ಮತ್ತು ಭಾವಚಿತ್ರಗಳು. ದೇವರನ್ನು ಮರೆಮಾಡುವ ಅಗತ್ಯ ಖಂಡಿತ ಇಲ್ಲ. ಆದರೆ ಗೋಡೆ ತುಂಬ ಇರುವ ಕ್ಯಾಲೆಂಡರು, ಸನ್ಮಾನಪತ್ರ, ಕುಟುಂಬದ ಚಿತ್ರಗಳನ್ನು ತೆಗೆದಿಟ್ಟರೆ ಬಂದವರು ಅಲ್ಲಿ ತಮ್ಮ ಬಾಳನ್ನು ಕಲ್ಪಿಸಿಕೊಳ್ಳಬಲ್ಲರು. ಅಪರಿಚಿತರು ಬಂದು ಹೋಗುವ ದಿನಗಳಲ್ಲಿ ಒಡವೆ, ಪಾಸ್‌ಬುಕ್ಕು, ಕೊಡಲಿರುವ ಆಸ್ತಿಯ ಮೂಲಪತ್ರಗಳು ಬ್ಯಾಂಕಿನ ಲಾಕರಿನಲ್ಲಿರುವುದೇ ಕ್ಷೇಮ. ಪತ್ರಗಳ ನಕಲು ತೋರಿಸಿದರೆ ಸಾಕು.

ಗೋಡೆಯ ತೇವ: ಮುಚ್ಚಬಾರದ ದೋಷ

ಕೊಂಕಣ ಪಟ್ಟಿಯ ಈ ಭಾಗದಲ್ಲಿ ವರ್ಷಕ್ಕೆ ೨,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹಳೆಯ ಕಟ್ಟಡಗಳ ಪಶ್ಚಿಮದ ಗೋಡೆ, ಮೇಲ್ಮಹಡಿಯ ಛಾವಣಿ, ಬಚ್ಚಲಿಗೆ ತಾಗಿದ ಗೋಡೆ ಇವು ನೀರು ಕುಡಿಯುತ್ತವೆ. ಇಂಥ ಗೋಡೆಗೆ ಮಾರುವ ವಾರದಲ್ಲಿ ಬಣ್ಣ ಬಳಿದು ಮುಚ್ಚುವವರುಂಟು. ಇದು ವ್ಯರ್ಥ, ಅನ್ಯಾಯವೂ ಹೌದು. ತೇವವಿರುವ ಗೋಡೆಗೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ತಾಳದು. ಜಾಣ ಗಿರಾಕಿ ಒಂದೇ ಗೋಡೆಗೆ ಹೊಸ ಬಣ್ಣ ಕಂಡೊಡನೆ ಕೈಯಿಟ್ಟು ನೋಡುತ್ತಾನೆ. ಒಮ್ಮೆ ಸಂದೇಹ ಹುಟ್ಟಿದರೆ ಉಳಿದ ಒಳ್ಳೆಯ ಅಂಶಗಳನ್ನೂ ನಂಬಲಾರ.

ಕಾನೂನು ಕೂಡ ಇದೇ ಮಾತನ್ನು ಹೇಳುತ್ತದೆ. ೧೮೮೨ರ ಸ್ವತ್ತು ವರ್ಗಾವಣೆ ಅಧಿನಿಯಮದ ೫೫ನೆಯ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ, ತನಗೆ ತಿಳಿದಿರುವ ಮುಖ್ಯ ದೋಷಗಳನ್ನು ಮಾರುವವನು ತಿಳಿಸಲೇಬೇಕು. ಆದುದರಿಂದ ಮೊದಲು ನೀರು ಬರುವ ಮೂಲವನ್ನು ಹುಡುಕಬೇಕು. ಛಾವಣಿ ಹಾಗೂ ಹೊರಗೋಡೆಯ ಸೋರಿಕೆಯ ದುರಸ್ತಿ ಸಾಮಾನ್ಯವಾಗಿ ಸೊಸೈಟಿಯ ಹೊಣೆ; ಬಚ್ಚಲು, ಸಿಂಕುಗಳ ಒಳಸೋರಿಕೆ ಸದಸ್ಯರದು. ದುರಸ್ತಿಯಾಗಿ, ಗೋಡೆ ಪೂರ್ಣವಾಗಿ ಒಣಗಿದ ಮೇಲೆ ಬಣ್ಣ. ಮಳೆಗಾಲ ಮುಗಿದು ದಸರಾ ದೀಪಾವಳಿಯ ಹೊತ್ತಿಗೆ ಮನೆ ತೋರಿಸಲು ಸಿದ್ಧವಾಗುವಂತೆ ಯೋಜಿಸಿದರೆ ಗೋಡೆಗೂ ಕಾಲಾವಕಾಶ ಸಿಗುತ್ತದೆ, ಶುಭಕಾಲವೆಂದು ಕೊಳ್ಳುವವರೂ ಮುಂದೆ ಬರುತ್ತಾರೆ.

ಕಟ್ಟಡದ ಸುಸ್ಥಿತಿಯ ವಿಷಯ ಇನ್ನೂ ಗಂಭೀರವಾದುದು. ೨೦೧೩ರ ಏಪ್ರಿಲ್ ೪ರಂದು ಮುಂಬ್ರಾ ಸಮೀಪದ ಶೀಳ್‌ಫಾಟಾದಲ್ಲಿ ಅನಧಿಕೃತ ಕಟ್ಟಡವೊಂದು ಕುಸಿದು ಎಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತುದನ್ನು ಈ ಭಾಗದ ಜನ ಮರೆತಿಲ್ಲ. ಮಹಾರಾಷ್ಟ್ರದ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳಂತೆ ೧೫ರಿಂದ ೩೦ ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ೩೦ ವರ್ಷ ಮೀರಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ರಚನಾ ತಪಾಸಣೆ ನಡೆಯಬೇಕು. ಅದರ ವರದಿಯ ಪ್ರತಿಯೊಂದು ಕೈಯಲ್ಲಿದ್ದರೆ ಹತ್ತು ಹೂದಾನಿಗಳಿಗಿಂತ ಹೆಚ್ಚಿನ ಭರವಸೆ ಹುಟ್ಟುತ್ತದೆ.

ಆರೋಗ್ಯದ ದೃಷ್ಟಿಯಿಂದ

ಮನೆ ತೆರವುಗೊಳಿಸುವ ಕಾರ್ಯ ದೇಹಕ್ಕೆ ಶ್ರಮದಾಯಕ. ಅಟ್ಟದ ಭಾರವನ್ನು ಇಳಿಸಲು ಹಿರಿಯರು ಸ್ಟೂಲಿನ ಮೇಲೆ ಹತ್ತುವುದು ಸರ್ವಥಾ ಸಲ್ಲದು. ಅರವತ್ತು ದಾಟಿದವರಿಗೆ ಒಂದು ಬೀಳುವಿಕೆ ತರುವ ಮೂಳೆಮುರಿತದ ವೆಚ್ಚ ಇಡೀ ಬಣ್ಣದ ವೆಚ್ಚವನ್ನು ಮೀರೀತು.

ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವಾಗಲೂ ಎಚ್ಚರ ಅಗತ್ಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ದಶಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಎಣ್ಣೆಬಣ್ಣದ ಬಾಗಿಲು, ಜಾಲರಿಗಳ ಧೂಳಿನಲ್ಲಿ ಸೀಸವಿರುವ ಸಂಭವವುಂಟು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕ. ಆದಕಾರಣ ಒಣದಾಗಿ ಉಜ್ಜದೆ ನೀರು ಹಚ್ಚಿ ಉಜ್ಜಿಸಬೇಕು. ಗರ್ಭಿಣಿಯರು ಮತ್ತು ಎಳೆಯ ಮಕ್ಕಳನ್ನು ಆ ದಿನಗಳಲ್ಲಿ ಬೇರೆಡೆ ಕಳುಹಿಸಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗೋಡೆಯ ಬೂಷ್ಟು ಉಬ್ಬಸದ ರೋಗಿಗಳಿಗೆ ತೊಂದರೆ ಕೊಡುವಂಥದು; ಅದನ್ನು ನಿವಾರಿಸಿದರೆ ಮಾರಾಟವಾಗುವ ತನಕ ಆ ಮನೆಯಲ್ಲಿ ಉಸಿರಾಡುವವರಿಗೂ ಲಾಭವೇ. ಮನೆ ಖಾಲಿಯಾಗಿದ್ದರೆ ಡ್ರಮ್ಮು, ಕುಂಡಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಡೆಂಗ್ಯೂ ತರುವ ಸೊಳ್ಳೆ ಅಂಥ ಶುದ್ಧ ನೀರಿನಲ್ಲೇ ಬೆಳೆಯುತ್ತದೆ.

ಮನಸ್ಸಿನ ಆರೋಗ್ಯವೂ ಇಲ್ಲಿ ಗಮನಾರ್ಹ. ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರವನ್ನು ವರ್ಷ ವರ್ಷವೂ ಪೆನ್ಸಿಲಿನಿಂದ ಗುರುತಿಸಿದ ಗೆರೆಗಳಿರುತ್ತವೆ. ಬಣ್ಣದವನು ಅದನ್ನು ಒಂದು ನಿಮಿಷದಲ್ಲಿ ಅಳಿಸಿಬಿಡುತ್ತಾನೆ. ಅದಕ್ಕೆ ಮೊದಲು ಒಂದು ಛಾಯಾಚಿತ್ರ ತೆಗೆದಿಡುವುದು, ಯಾವ ವಸ್ತುವನ್ನು ಒಯ್ಯಬೇಕು ಯಾವುದನ್ನು ಬಿಡಬೇಕೆಂಬುದನ್ನು ಮನೆಯ ಹಿರಿಯರೇ ನಿರ್ಧರಿಸುವಂತೆ ಮಾಡುವುದು ಮಕ್ಕಳ ಕರ್ತವ್ಯ. ತಾಯಿಯ ಹಿತ್ತಾಳೆಯ ಕೊಡವನ್ನು ಕೇಳದೆ ಗುಜರಿಗೆ ಹಾಕಿದ ನೋವು ಬಹುಕಾಲ ಉಳಿಯುತ್ತದೆ. ಒಂದೇ ದಿನದಲ್ಲಿ ಮುಗಿಸದೆ ವಾರಕ್ಕೊಂದು ಕಪಾಟಿನಂತೆ ಎರಡು ತಿಂಗಳು ಹಂಚಿಕೊಂಡರೆ ದೇಹಕ್ಕೂ ಮನಸ್ಸಿಗೂ ಹಗುರ.

ಬ್ಯಾಂಕಿನ ಕಣ್ಣು

ಇಷ್ಟೆಲ್ಲ ಸಿದ್ಧತೆ ಗಿರಾಕಿಯ ಮನಸ್ಸನ್ನು ಗೆಲ್ಲಬಲ್ಲದು. ಆದರೆ ಗಿರಾಕಿಗಳಲ್ಲಿ ಬಹುತೇಕರು ಸಾಲ ಪಡೆದು ಕೊಳ್ಳುವವರು. ಅವರ ಹಿಂದೆ ಬ್ಯಾಂಕಿನ ಮೌಲ್ಯಮಾಪಕನೂ ವಕೀಲನೂ ಬರುತ್ತಾರೆ. ಮೌಲ್ಯಮಾಪಕನು ಪರದೆಯ ಬಣ್ಣವನ್ನು ನೋಡುವುದಿಲ್ಲ. ಮಂಜೂರಾದ ನಕ್ಷೆಗೂ ಮನೆಗೂ ಹೊಂದಾಣಿಕೆಯಿದೆಯೇ, ಒಳಗಿನ ನಿವ್ವಳ ವಿಸ್ತೀರ್ಣವೆಷ್ಟು, ಕಟ್ಟಡದ ವಯಸ್ಸೆಷ್ಟು, ಇನ್ನೆಷ್ಟು ವರ್ಷ ಬಾಳೀತು, ಸುತ್ತಮುತ್ತ ನೋಂದಣಿಯಾದ ಬೆಲೆ ಏನು ಎಂಬುದನ್ನು ನೋಡುತ್ತಾನೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ ೩೦ ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇಕಡಾ ೯೦ನ್ನು, ೩೦ರಿಂದ ೭೫ ಲಕ್ಷದ ಸಾಲ ಶೇಕಡಾ ೮೦ನ್ನು, ಅದಕ್ಕೆ ಮೇಲಿನದು ಶೇಕಡಾ ೭೫ನ್ನು ಮೀರುವಂತಿಲ್ಲ. ಮೇಲಿನ ದೃಷ್ಟಾಂತದ ಮನೆಗೆ ೬೦ ಲಕ್ಷ ಒಪ್ಪಿ, ಬ್ಯಾಂಕಿನ ಮೌಲ್ಯ ೫೪ ಲಕ್ಷವೆಂದಾದರೆ, ಸಾಲ ೪೮ ಲಕ್ಷದ ಬದಲು ೪೩ ಲಕ್ಷ ೨೦ ಸಾವಿರಕ್ಕೆ ಇಳಿಯುತ್ತದೆ. ಕೊಳ್ಳುವವನು ಇನ್ನೂ ೪ ಲಕ್ಷ ೮೦ ಸಾವಿರ ಸ್ವಂತ ಹಣ ಹೊಂದಿಸಬೇಕಾಗುತ್ತದೆ. ಕುದುರಿದ ವ್ಯವಹಾರಗಳು ಮುರಿದು ಬೀಳುವುದು ಈ ಹಂತದಲ್ಲಿಯೇ. ಅಲಂಕಾರವನ್ನು ನಂಬಿ ಅತಿ ಬೆಲೆ ಹೇಳಬಾರದೆಂಬುದಕ್ಕೆ ಇದೇ ಕಾರಣ.

ಬಾಲ್ಕನಿಯನ್ನು ಕೋಣೆಗೆ ಸೇರಿಸಿದ್ದು, ಅಡುಗೆಮನೆಯ ಗೋಡೆ ಕೆಡವಿದ್ದು, ನವಿ ಮುಂಬಯಿಯ ಸಾಲುಮನೆಗಳಿಗೆ ಅನುಮತಿಯಿಲ್ಲದೆ ಕೋಣೆ ಏರಿಸಿದ್ದು ಎಷ್ಟೇ ಅಂದವಾಗಿದ್ದರೂ ನಕ್ಷೆಯ ಎದುರು ದೋಷವೇ ಆಗುತ್ತದೆ.

ಕಾಗದಪತ್ರಗಳ ಸಜ್ಜಿಕೆ

ಹೀಗಾಗಿ ನಿಜವಾದ ಸಿದ್ಧತೆ ಆರಂಭವಾಗಬೇಕಾದುದು ಕಪಾಟಿನೊಳಗಿನ ಕಡತದಿಂದ. ಮೊದಲ ಖರೀದಿಯಿಂದ ಇಂದಿನವರೆಗಿನ ಎಲ್ಲ ಕರಾರುಪತ್ರಗಳ ಸರಣಿ, ನೋಂದಣಿಯ ಸೂಚಿ, ಸೊಸೈಟಿಯ ಷೇರು ಪ್ರಮಾಣಪತ್ರ, ಮಹಾನಗರಪಾಲಿಕೆಯ ಮಂಜೂರಾತಿ ಮತ್ತು ವಾಸಯೋಗ್ಯತಾ ಪತ್ರ, ತೆರಿಗೆ ಹಾಗೂ ವಿದ್ಯುತ್ತಿನ ರಶೀದಿ, ಹಳೆಯ ಸಾಲ ತೀರಿದ ಪತ್ರ ಇವನ್ನು ಕ್ರಮವಾಗಿ ಜೋಡಿಸಬೇಕು. ಮಹಾರಾಷ್ಟ್ರದಲ್ಲಿ ೧೯೮೫ರ ಡಿಸೆಂಬರಿನ ಬಳಿಕ ಸ್ವಾಧೀನಸಹಿತ ಕರಾರುಪತ್ರಗಳಿಗೂ ಪೂರ್ಣ ಮುದ್ರಾಂಕ ಶುಲ್ಕ ಅನ್ವಯಿಸಿತು. ಆ ಕಾಲದ ಪತ್ರಗಳಲ್ಲಿ ಶುಲ್ಕದ ಕೊರತೆಯಿದ್ದರೆ ಮೊದಲೇ ವಕೀಲರಿಗೆ ತೋರಿಸಿ ಸರಿಪಡಿಸಬೇಕು. ಮನೆ ದಿವಂಗತ ಪತಿಯ ಹೆಸರಿನಲ್ಲಿದ್ದರೆ ನಾಮನಿರ್ದೇಶನವೊಂದರಿಂದಲೇ ಒಡೆತನ ಬಾರದು. ವಾರಸುದಾರರ ಒಪ್ಪಿಗೆ ಬೇಕು. ಸಿಡ್ಕೊ ಜಮೀನು ಮೂಲತಃ ೬೦ ವರ್ಷದ ಗುತ್ತಿಗೆಯದು. ಅಲ್ಲಿ ವರ್ಗಾವಣೆಯ ಅನುಮತಿ ಹಾಗೂ ಶುಲ್ಕದ ವಿಚಾರವನ್ನು ಮೊದಲೇ ವಿಚಾರಿಸಬೇಕು.

ಈ ಎಚ್ಚರ ಅನಾವಶ್ಯಕವೆಂದು ಯಾರೂ ಭಾವಿಸಬಾರದು. ಖೋಟಾ ಅನುಮತಿಪತ್ರಗಳ ಆಧಾರದಿಂದ ರೇರಾ ನೋಂದಣಿ ಪಡೆದ ಕಲ್ಯಾಣ-ಡೊಂಬಿವಲಿಯ ೬೫ ಕಟ್ಟಡಗಳನ್ನು ಕೆಡವಬೇಕೆಂದು ೨೦೨೪ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ಅಂದಿನಿಂದ ಈ ಭಾಗದ ಗಿರಾಕಿ ಗೋಡೆಗಿಂತ ಮೊದಲು ಕಾಗದವನ್ನು ಕೇಳುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸೊಸೈಟಿಯು ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ವರ್ಗಾವಣೆಗೆಂದು ೨೫,೦೦೦ ರೂಪಾಯಿಗಿಂತ ಹೆಚ್ಚು ಪ್ರೀಮಿಯಂ ಪಡೆಯುವಂತಿಲ್ಲ. ಬೆಲೆ ೫೦ ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವನು ಶೇಕಡಾ ೧ನ್ನು ಆದಾಯ ತೆರಿಗೆಯಾಗಿ ಮುರಿದು ಸರಕಾರಕ್ಕೆ ಕಟ್ಟಬೇಕು. ೨೦ ಸಾವಿರ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದು ದಂಡಾರ್ಹ. ಲಾಭದ ಮೇಲಿನ ತೆರಿಗೆಯನ್ನು ಲೆಕ್ಕಹಾಕುವಾಗ ಮನೆಗೆ ಮಾಡಿದ ಶಾಶ್ವತ ಸುಧಾರಣೆಯ ರಶೀದಿಗಳು ಉಪಯೋಗಕ್ಕೆ ಬರುತ್ತವೆ. ಬರಿಯ ಸುಣ್ಣಬಣ್ಣ, ಪರದೆಗಳ ವೆಚ್ಚ ಅದಕ್ಕೆ ಸೇರದು. ಲೆಕ್ಕಪರಿಶೋಧಕರನ್ನು ಕಾಣಬೇಕಾದುದು ಕರಾರಿಗೆ ಸಹಿ ಹಾಕುವ ಮೊದಲು, ನಂತರವಲ್ಲ.

ಉಪಸಂಹಾರ

ಮನೆಯನ್ನು ಸಜ್ಜುಗೊಳಿಸುವುದು ಮೋಸದ ಮುಖವಾಡವಲ್ಲ. ಹೆಣ್ಣು ನೋಡಲು ಬರುವವರಿಗಾಗಿ ಮನೆಯನ್ನು ಸಾರಿಸಿ, ಒಳ್ಳೆಯ ಚಾಪೆ ಹಾಸುವುದು ನಮ್ಮಲ್ಲಿ ರೂಢಿ. ಅದರಲ್ಲಿ ಬರುವವರ ಬಗೆಗಿನ ಗೌರವವಿದೆ. ಇಲ್ಲಿಯೂ ಅಷ್ಟೆ. ಕಸ ತೆಗೆಯುವುದು, ಸೋರುವುದನ್ನು ನಿಲ್ಲಿಸುವುದು, ಬೆಳಕು ಬಿಡುವುದು, ಕಡತ ಜೋಡಿಸುವುದು, ಇರುವ ದೋಷವನ್ನು ಬಾಯಿಬಿಟ್ಟು ಹೇಳುವುದು, ಈ ಐದನ್ನು ಪಾಲಿಸಿದವರು ನ್ಯಾಯವಾದ ಬೆಲೆಯನ್ನು ಸಕಾಲದಲ್ಲಿ ಪಡೆಯುವ ಸಂಭವ ಹೆಚ್ಚು. ಕೊಳ್ಳುವವರು ಕೂಡ ತಮ್ಮಂತೆಯೇ ಸಾಲ ಮಾಡಿ, ಒಡವೆ ಅಡವಿಟ್ಟು ಬರುವವರೆಂಬುದನ್ನು ಮಾರುವವರು ಮರೆಯದಿರಲಿ. ಕೀಲಿಕೈ ಕೊಟ್ಟು ಮೆಟ್ಟಿಲಿಳಿಯುವ ದಿನ ಮನಸ್ಸಿನಲ್ಲಿ ಅಳುಕಿಲ್ಲದಿರುವುದು, ಠೇವಣಿಯ ಬಡ್ಡಿಯಂತೆ, ಪ್ರತಿ ತಿಂಗಳೂ ಅನುಭವಕ್ಕೆ ಬರುವ ಲಾಭವಾಗಿದೆ.